ಅಪ್‌ಡೇಟ್: ಮಳೆ ಬರಲಿಲ್ಲ, ಮದುವೆ ಆಯಿತು!

ನಾನು ಫಿಲಿಪೀನ್ಸಿನವಳು, ನನ್ನ ಹುಡುಗ ಜಪಾನಿನವನು. 30 ಜನರ ಬಯಲು ಮದುವೆಯಲ್ಲಿ ಎರಡೂ ಕಡೆಯ ಶಾಸ್ತ್ರ ಹೇಗೆ ಸೇರಿಸೋದು ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ಅಲ್ವಾ? ಹೋದ ಶನಿವಾರ ಫಿಲಿಪೀನ್ಸಿನ ತಗೈತೈ ಊರಿನಲ್ಲಿ, ತಾಲ್ ಸರೋವರ ಕಾಣುವ ತೋಟದಲ್ಲಿ ಮುಗಿಯಿತು.

ಮಳೆ ಬರದಿರಲಿ ಅಂತ ನಮ್ಮ ಕಡೆಯ ರೂಢಿಯ ಹಾಗೆ ಅಜ್ಜಿ ಸಂತ ಕ್ಲಾರಾಗೆ ಮೊಟ್ಟೆ ಒಪ್ಪಿಸಿದ್ದರು. ಮಳೆ ಬರಲಿಲ್ಲ, ಗಾಳಿ ಬಂತು! ಮೇಣದಬತ್ತಿ ಮೂರು ಸಲ ಆರಿತು. ಇಬ್ಬರ ಹೆಗಲಿಗೂ ಸೇರಿಸಿ ಪಿನ್ ಹಾಕಿದ್ದ ವೇಲ್ ಹಾರಿ ಅವನ ಮುಖಕ್ಕೇ ಸುತ್ತಿಕೊಂಡಿತು.

ಇಬ್ಬರಿಗೂ ಸೇರಿಸಿ ಹಾಕುವ ಹಗ್ಗ, ವರ ವಧುವಿಗೆ ಕೊಡುವ 13 ನಾಣ್ಯ, ಈ ನಮ್ಮ ಕಡೆಯ ಶಾಸ್ತ್ರ ಆದಮೇಲೆ ಅವನ ಕಡೆಯ ಸಾನ್‌ಸಾನ್‌ಕುದೊ: ‘ಸಾಕೆ’ ಅನ್ನೋ ಜಪಾನಿನ ಅಕ್ಕಿ ಮದ್ಯ, ಮೂರು ಬಟ್ಟಲು, ಒಂದೊಂದರಲ್ಲೂ ಮೂರು ಗುಟುಕು. ನೀವು ಹೇಳಿದ ಹಾಗೆ ಅಪ್ಪ ಅಮ್ಮಂದಿರಿಗೂ ಕೊಟ್ಟೆವು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದ ಬೀಗರಿಬ್ಬರು ಬಟ್ಟಲು ಹಿಡಿದು ಸುಮ್ನೆ ನಗುತ್ತಾ ಕೂತಿದ್ದರು.

ಕಿಮೊನೊ ಮಾತ್ರ ಬಿಟ್ಟೆ. ಅದನ್ನುಟ್ಟು ಹುಲ್ಲಿನ ಮೇಲೆ ನಡೆಯೋದು ನನ್ನ ಕೈಲಾಗದ ಕೆಲಸ.