ಸಹಾಯ ಬೇಕು: 'ಇನ್ಸಿಡಿಯಸ್' ಥರದ ದೆವ್ವದ ಮನೆ ಸಿನಿಮಾ ಹೇಳಿ

ನಿನ್ನೆ ರಾತ್ರಿ ಒಬ್ಬನೇ ಕೂತು ಜೇಮ್ಸ್ ವಾನ್ ಅವರ 'ಇನ್ಸಿಡಿಯಸ್' (2010) ನೋಡಿದೆ. ಬರೀ 15 ಲಕ್ಷ ಡಾಲರ್ ಖರ್ಚಿನ ಸಿನಿಮಾ, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಆದ್ರೂ ಆಮೇಲೆ ನೀರು ಕುಡಿಯೋಕೆ ಅಡುಗೆಮನೆಗೆ ಹೋಗಲೂ ಧೈರ್ಯ ಬರಲಿಲ್ಲ!

ಸಾಮಾನ್ಯವಾಗಿ ಇಂಥ ಸಿನಿಮಾ ನೋಡುವಾಗ 'ಅಯ್ಯೋ, ಮೊದಲು ಆ ಮನೆ ಖಾಲಿ ಮಾಡ್ರಪ್ಪಾ' ಅಂತ ಕೂಗಬೇಕು ಅನ್ನಿಸುತ್ತೆ ಅಲ್ವಾ? ಇಲ್ಲಿ ಹೆಂಡತಿ ಹೆದರಿ ಹೇಳಿದ ಮೇಲೆ ಗಂಡ ನಿಜವಾಗಲೂ ಮನೆ ಬದಲಾಯಿಸುತ್ತಾನೆ, ಆದರೆ ಕಾಟ ಹೊಸ ಮನೆಗೂ ಬರುತ್ತದೆ, ಯಾಕೆಂದರೆ ಸಮಸ್ಯೆ ಇರುವುದು ಗೋಡೆಯಲ್ಲಲ್ಲ, ಎಚ್ಚರವೇ ಆಗದೆ ಮಲಗಿರುವ ಮಗನಲ್ಲಿ. ಕೊನೇ ಭಾಗ ಮಾತ್ರ ಸ್ವಲ್ಪ ಜಾಸ್ತಿ ಎಳೆದರು.

ಹೀಗೆ ಒಂದು ಮನೆ, ಒಂದು ಕುಟುಂಬ, ಕಡಿಮೆ ಬಜೆಟ್ ಇರೋ ಸಿನಿಮಾ ಯಾವುದಿದೆ? ಕನ್ನಡ, ಮಲಯಾಳಂ ಆದರೂ ಸರಿ. 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ' ನೋಡಿ ಆಗಿದೆ. ರಕ್ತ ಜಾಸ್ತಿ ಬೇಡ, ಶನಿವಾರ ಅಮ್ಮನೂ ಜೊತೆಗೆ ಕೂರುತ್ತಾರೆ.