ಒಂಬತ್ತು ಬಾಕ್ಸ್ ಟೊಮೆಟೊ: ಭಾಗಿಸಬೇಕಾದದ್ದು 600ರಿಂದಲೋ 200ರಿಂದಲೋ?

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿ, ಕೋಲಾರ):
ಎಪಿಎಂಸಿಗೆ ಒಯ್ಯುವ ನಮ್ಮ ತೋಟದ ಟೊಮೆಟೊ ಬಾಕ್ಸನ್ನೇ ಇಟ್ಟುಕೊಂಡು ಒಂದು ಲೆಕ್ಕ ಕಟ್ಟಿದ್ದೇನೆ. ಬಾಕ್ಸಿನ ತೂಕ ಪ್ರಸಾಮಾನ್ಯ ವಿತರಣೆಯಲ್ಲಿದೆ (ಗಂಟೆಯಾಕಾರದ ನಾರ್ಮಲ್ ಹಂಚಿಕೆ), ಸರಾಸರಿ 15 ಕೆ.ಜಿ., ಮಾನಕ ವಿಚಲನೆ (ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 600 ಗ್ರಾಂ ಎಂದಿಟ್ಟುಕೊಳ್ಳೋಣ. ಯಾದೃಚ್ಛಿಕವಾಗಿ ಆರಿಸಿದ 9 ಬಾಕ್ಸುಗಳ ಸರಾಸರಿ 14.7 ಕೆ.ಜಿ.ಗಿಂತ ಕಡಿಮೆಯಿರುವ ಸಂಭವನೀಯತೆ ಎಷ್ಟು? ನಾನು 300ನ್ನು 600ರಿಂದ ಭಾಗಿಸಿ, ಝಡ್ ಬೆಲೆ (ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ ಎಂಬ ಸಂಖ್ಯೆ) −0.5 ಎಂದು ತೆಗೆದು, ಕೋಷ್ಟಕದಲ್ಲಿ 0.3085 ಕಂಡೆ. ಗೆಳೆಯ 200ರಿಂದ ಭಾಗಿಸಿ 0.0668 ಎನ್ನುತ್ತಾನೆ. ಮಾದರಿ 30ಕ್ಕಿಂತ ಚಿಕ್ಕದಿರುವಾಗ ಅವನ ಸೂತ್ರ ಸಲ್ಲುತ್ತದೆಯೇ?

ಉತ್ತರ 1:
ನಿಮ್ಮ 0.3085 ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ: ಕಣ್ಣುಮುಚ್ಚಿ ಎತ್ತಿದ ಒಂದೇ ಬಾಕ್ಸು 14.7ಕ್ಕಿಂತ ಹಗುರವಾಗಿರುವ ಸಂಭವನೀಯತೆ ಅದು. ಒಂಬತ್ತನ್ನು ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬಿಕೊಡುತ್ತದೆ. ಕೂಡುವುದು ವಿಚಲನೆಗಳಲ್ಲ, ಅವುಗಳ ವರ್ಗಗಳು. ಆದ್ದರಿಂದ ಒಟ್ಟು ತೂಕದ ಮಾನಕ ವಿಚಲನೆ 600ರ ಒಂಬತ್ತು ಪಟ್ಟಾಗದೆ ಮೂರು ಪಟ್ಟು, ಅಂದರೆ 1,800 ಗ್ರಾಂ ಆಗುತ್ತದೆ; 9ರಿಂದ ಭಾಗಿಸಿದರೆ ಸರಾಸರಿಯದು 200. ಝಡ್ −1.5, ಉತ್ತರ 0.0668. ಇನ್ನು 30ರ ನಿಯಮ (ಮಾದರಿ ಸುಮಾರು 30 ಮುಟ್ಟಿದರೆ ಅದರ ಸರಾಸರಿಯನ್ನು ಪ್ರಸಾಮಾನ್ಯವೆಂದು ಎಣಿಸಬಹುದೆಂಬ ರೂಢಿ): ಮೂಲ ವಿತರಣೆಯೇ ಪ್ರಸಾಮಾನ್ಯವಾಗಿದ್ದರೆ ಎರಡೇ ಬಾಕ್ಸಿನ ಸರಾಸರಿಯೂ ಪ್ರಸಾಮಾನ್ಯವೇ, ಆ ನಿಯಮದ ಗೊಡವೆ ಇಲ್ಲಿ ಬೇಡ.

ಉತ್ತರ 2 (ಚಿಕ್ಕಬಳ್ಳಾಪುರ):
ಲೆಕ್ಕ ಸರಿ, ಆದರೆ ಅದು ಬಾಕ್ಸುಗಳು ಪರಸ್ಪರ ಸ್ವತಂತ್ರ ಎಂಬ ಷರತ್ತಿನ ಮೇಲೆ ನಿಂತಿದೆ. ನಮ್ಮ ಕಡೆ ಒಬ್ಬರೇ ಕೂತು, ಒಂದೇ ಕುಯ್ಲಿನ ಹಣ್ಣನ್ನು ಒಂದೇ ಕೈಯಳತೆಯಲ್ಲಿ ತುಂಬುತ್ತಾರೆ. ಅವರ ಕೈ ಬಿಗಿಯಾದರೆ ಒಂಬತ್ತೂ ಹಗುರ. ಯಾವುದೇ ಎರಡು ಬಾಕ್ಸುಗಳ ನಡುವೆ ಸಹಸಂಬಂಧ (ಒಂದು ಹಗುರವಾದರೆ ಇನ್ನೊಂದೂ ಹಗುರವಾಗುವ ಒಲವಿನ ಅಳತೆ) 0.25 ಇದೆಯೆಂದು ಊಹಿಸಿ, ಬಾಕ್ಸುಗಳ ತೂಕ ಒಟ್ಟಾಗಿಯೂ ಪ್ರಸಾಮಾನ್ಯವೇ ಎಂದುಕೊಳ್ಳಿ: ಸರಾಸರಿಯ ವಿಚಲನೆಯ ವರ್ಗ 1 + 8 × 0.25, ಅಂದರೆ ಮೂರು ಪಟ್ಟಾಗಿ, 200 ಇದ್ದದ್ದು ಸುಮಾರು 346 ಗ್ರಾಂಗೆ ಏರುತ್ತದೆ. ಆಗ ಝಡ್ −0.87ರ ಆಸುಪಾಸು, ಸಂಭವನೀಯತೆ ಸುಮಾರು 0.19. ಪರೀಕ್ಷೆಯಲ್ಲಿ 0.0668 ಬರೆಯಿರಿ, ಮಂಡಿಯಲ್ಲಿ ತೂಗುವಾಗ ಮಾತ್ರ ಬೇರೆ ಬೇರೆ ಗಾಡಿಗಳಿಂದ ಬಾಕ್ಸು ಆರಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾನು ತೂಗಿ ನೋಡಿದ್ದ ಒಂಬತ್ತೂ ನಮ್ಮ ಅಮ್ಮ ತುಂಬಿದವೇ.