ತರಗತಿಯಲ್ಲಿ ತೂಕಡಿಸುವ ಮಗಳು: ಓದುಗರ ಸ್ಪಂದನ

ಕಳೆದ ವಾರ ಉಡುಪಿಯ ತಾಯಿಯೊಬ್ಬರು ಬರೆದಿದ್ದರು: ‘ಎಂಟನೇ ಕ್ಲಾಸಿನ ಮಗಳು ಪಾಠದ ನಡುವೆ ತೂಕಡಿಸುತ್ತಾಳೆ. ಮೆಟ್ಟಿಲು ಹತ್ತಿದರೆ ಏದುಸಿರು. ಗಣಿತದಲ್ಲಿ ಅಂಕ ಕುಸಿದಿದೆ. ರಾತ್ರಿ ಒಂಬತ್ತರವರೆಗೆ ಟ್ಯೂಷನ್ ಹಾಕಿದರೂ ಪ್ರಯೋಜನವಿಲ್ಲ. ಈ ಸೋಮಾರಿತನ ಬಿಡಿಸುವುದು ಹೇಗೆ?’ ಬಂದ ಪತ್ರಗಳಲ್ಲಿ ಏದುಸಿರಿನ ಮಾತನ್ನು ಗಮನಿಸಿದ್ದು ಮೊದಲಿಗಿದೆ.

ಅಕ್ಕಾ, ಸೋಮಾರಿತನಕ್ಕೆ ಏದುಸಿರು ಬರುವುದಿಲ್ಲ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ಪ್ರಾಯದ ಹುಡುಗಿಗೆ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಕೆಳರೆಪ್ಪೆಯ ಒಳಭಾಗ ಬಿಳಿಚಿದೆಯೇ ನೋಡಬಹುದು, ಆದರೆ ಕಣ್ಣಂದಾಜನ್ನೇ ನಂಬಬೇಡಿ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚೇ ಎಂದು ಮಗಳನ್ನು ಮೆಲ್ಲಗೆ ಕೇಳಿ, ತಾವಾಗಿ ಹೇಳುವ ಮಕ್ಕಳು ಕಡಿಮೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ್ದು, ಅದನ್ನು ನುಂಗುತ್ತಾಳೋ, ಚೀಲದಲ್ಲೇ ಉಳಿಸುತ್ತಾಳೋ ವಿಚಾರಿಸಿ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ; ಊಟವಾದ ಮೇಲೆ ನೀರು ಕುಡಿದು ನುಂಗಲಿ. ಮಲ ಕಪ್ಪಾದರೆ ಹೆದರಬೇಡಿ. ವಾರಕ್ಕೊಂದು ಮಾತ್ರೆ ಎಂಬುದು ರಕ್ತಹೀನತೆ ಬಾರದಂತೆ ಕೊಡುವ ಪ್ರಮಾಣ. ಈಗಾಗಲೇ ಬಂದಿದ್ದರೆ ವೈದ್ಯರು ದಿನಾಲೂ ಕೊಡುತ್ತಾರೆ. ಮೂರೇ ವಾರಕ್ಕೆ ಚುರುಕಾದಳೆಂದು ನಿಲ್ಲಿಸುವುದೇ ಎಲ್ಲರೂ ಎಡವುವ ಜಾಗ: ರಕ್ತ ಏರಿದರೂ ಮೈಯೊಳಗಿನ ಕಬ್ಬಿಣದ ದಾಸ್ತಾನು ತುಂಬಿರುವುದಿಲ್ಲ, ಮತ್ತೆ ಇಳಿಯುತ್ತದೆ. ಫೆಬ್ರವರಿ, ಆಗಸ್ಟ್‌ನಲ್ಲಿ ಕೊಡುವ ಜಂತುಹುಳುವಿನ ಮಾತ್ರೆ, 400 ಮಿಲಿಗ್ರಾಂ ಅಲ್ಬೆಂಡಜೋಲ್ ಕೂಡ ತಪ್ಪದಿರಲಿ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ.
– ಶಾಲಾ ಆರೋಗ್ಯ ತಪಾಸಣೆಯ ಶುಶ್ರೂಷಕಿ, ಕಾಪು

ಹದಿಮೂರರ ಮಗುವಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಟ್ಯೂಷನ್ ಬಿಡಿಸಿ. ಸೋಮಾರಿ ಎನ್ನುವುದನ್ನೂ ಬಿಡಿ.
– ನಿವೃತ್ತ ಮುಖ್ಯೋಪಾಧ್ಯಾಯ, ಬ್ರಹ್ಮಾವರ

ಮಾತು ಖಾರವಾದರೂ ಕಾಳಜಿಯದ್ದು. ಮುಂದಿನವರು ಅಡುಗೆಮನೆಗೆ ಹೋಗಿದ್ದಾರೆ.

ಹರಿವೆ ಪಲ್ಯ ಬಡಿಸಿ, ಬೆನ್ನಿಗೇ ಚಾ ಕೊಟ್ಟರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ಊಟಕ್ಕೂ ಚಾಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯಕ್ಕೆ ಲಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಸಿದರೆ ಸಿ ಜೀವಸತ್ವ ಹಾಳು. ಮೀನು ತಿನ್ನುವ ಮನೆಯಾದರೆ ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿ, ಅದರ ಕಬ್ಬಿಣ ಸೊಪ್ಪಿನದ್ದಕ್ಕಿಂತ ಸುಲಭವಾಗಿ ಮೈಗೆ ಸೇರುತ್ತದೆ.
– ಗೃಹವಿಜ್ಞಾನ ಶಿಕ್ಷಕಿ, ಮಂಗಳೂರು

ಗಣಿತವನ್ನೇ ಯಾಕೆ ಹೆಸರಿಸಿದಿರಿ? ಬೋರ್ಡು ನೋಡಿ ಲೆಕ್ಕ ಇಳಿಸಿಕೊಳ್ಳುವಾಗ 3 ಮತ್ತು 8 ಒಂದೇ ಆಗಿ ಕಂಡರೆ ಉತ್ತರ ತಪ್ಪುತ್ತದೆ. ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆಯೇ, ಟೀಚರನ್ನು ಕೇಳಿ. ಆರು ಮೀಟರ್ ದೂರದ ಅಕ್ಷರಪಟದಲ್ಲಿ ಒಂದೊಂದೇ ಕಣ್ಣು ಪರೀಕ್ಷಿಸಬೇಕು. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ದೋಷ ಮುಚ್ಚಿಬಿಡುತ್ತದೆ, ಮಗುವಿಗೇ ಗೊತ್ತಾಗುವುದಿಲ್ಲ.
– ನೇತ್ರ ತಪಾಸಕ, ಸುರತ್ಕಲ್

ತಾಯಿಗೆ: ರಕ್ತ ಮತ್ತು ಕಣ್ಣಿನ ವರದಿ ಕೈಸೇರಿದ ಮೇಲೆ ಅಂಕಪಟ್ಟಿಯ ವಿಷಯ ಮಾತಾಡೋಣ. ಮತ್ತೆ ಬರೆಯಿರಿ.